ನಿಘಂಟಿನಿಂದ ಹೊರಬಿದ್ದ ಆರು ಪದಗಳು

ನಡುವಿನ ಕುರ್ಚಿಯಲ್ಲಿರುವ ಅಧ್ಯಕ್ಷರೇ, ಅವರ ಎಡಬಲದ ಅತಿಥಿಗಳೇ, ಪರಿಷ್ಕರಣ ಸಮಿತಿಯ ಐವರು ಪಂಡಿತರೇ, ಫ್ಯಾನಿನ ಕೆಳಗೆ ಜಾಗ ಸಿಕ್ಕ ಮತ್ತು ಸಿಗದ ಸಭಿಕರೇ,

ನನ್ನ ನಿಘಂಟು ಇವತ್ತು ಬಿಡುಗಡೆಯಾಗಿದೆ. ಇಂಗ್ಲಿಷಿನವರು ಕ್ರಿಯಾಪದದ ಬಾಲಕ್ಕೆ ಅಪ್, ಡೌನ್, ಆಫ್ ಅಂತ ಏನಾದರೊಂದು ಕಟ್ಟಿ ಹೊಸ ಅರ್ಥ ಹುಟ್ಟಿಸುತ್ತಾರಲ್ಲ, ಅಂಥ ಎರಡು ಸಾವಿರ ಪದಗಳಿಗೆ ಕನ್ನಡದ ಅರ್ಥ. ಹನ್ನೊಂದು ವರ್ಷದ ಕೆಲಸ. ಇಂಥ ದಿನ ಲೇಖಕನಾದವನು ಸಂತೋಷದಿಂದ ನಾಲ್ಕು ಮಾತಾಡಿ ಕೂರಬೇಕು. ಕ್ಷಮಿಸಿ, ನನ್ನಿಂದ ಆಗುತ್ತಿಲ್ಲ. ದಯವಿಟ್ಟು ಇನ್ನೂರ ಹನ್ನೆರಡನೆಯ ಪುಟ ತೆಗೆಯಿರಿ.

'ಪುಟ್ ಅಪ್ ವಿತ್'. ಅದರ ಎದುರಿಗೆ ಏನಿದೆ? ಸಹಿಸು. ಅದರ ಮುಂದೆ? ಪೂರ್ಣವಿರಾಮ.

ಸ್ವಾಮಿ, ಒಂದು ಮಾತು ಕೇಳುತ್ತೇನೆ. ಸೋರುವ ನಲ್ಲಿಯನ್ನು, ಮೇಲಿನ ಮನೆಯವರ ಸಂಗೀತಾಭ್ಯಾಸವನ್ನು, ಗಂಡನ ಗೊರಕೆಯನ್ನು ನಮ್ಮ ಜನ ಬರೀ ಸಹಿಸುತ್ತಾರೆಯೇ? ನಿಮ್ಮ ಮನೆಯಲ್ಲಿ ಯಾರಾದರೂ 'ನಾನು ನಿಮ್ಮನ್ನು ಸಹಿಸುತ್ತಿದ್ದೇನೆ' ಅಂದದ್ದುಂಟೇ? ಅಷ್ಟು ಮರ್ಯಾದೆಯಾಗಿ ನಮ್ಮನ್ನು ಯಾರು ಬೈಯುತ್ತಾರೆ?

ನಾನು ಕೊಟ್ಟ ಹಸ್ತಪ್ರತಿಯಲ್ಲಿ ಏಳು ಪದಗಳಿದ್ದವು. 'ಸಹಿಸು' ನನ್ನದು. ಉಳಿದ ಆರನ್ನು ತಂದವಳು ನನ್ನ ಹೆಂಡತಿ. ಅವಳದು ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೆಲಸ. ದಿನಕ್ಕೆ ಮುನ್ನೂರು ಜನ ಗಾಜಿನ ಕಿಂಡಿಗೆ ಬಾಯಿಟ್ಟು ಕಷ್ಟ ಹೇಳಿಕೊಳ್ಳುತ್ತಾರೆ. ಡಾಕ್ಟರಿಗೆ ಹೇಳುವುದು ಆಮೇಲೆ. ಹಾಳಾದ ಚೀಟಿಗಳ ಬೆನ್ನಿಗೆ ಅವಳು ಆ ಮಾತುಗಳನ್ನು ಗೀಚಿ ತರುತ್ತಿದ್ದಳು. ನಾನು ದಪ್ಪ ದಪ್ಪ ಪುಸ್ತಕ ಹರಡಿಕೊಂಡು ತಲೆ ಕೆರೆಯುತ್ತಿದ್ದರೆ, ಚಪ್ಪಲಿ ಬಿಡುತ್ತಲೇ ಕೇಳುವಳು, "ಇವತ್ತು ಯಾವ ಪದ ಹೊಟ್ಟೆನೋವು ಕೊಡ್ತಿದೆ?"

ಒಬ್ಬ ಲಾರಿ ಚಾಲಕ ಸೊಂಟ ಹಿಡಿದುಕೊಂಡು ಬಂದನಂತೆ. "ಎರಡು ತಿಂಗಳಿಂದ ಹಲ್ಲು ಕಚ್ಚಿಕೊಂಡಿದೀನಿ ಮೇಡಂ." ಹಲ್ಲು ಕಚ್ಚಿಕೋ, ಬರೆದುಕೊಂಡೆ. ಕೈ ಮುರಿದುಕೊಂಡ ತಾಯಿಯೊಬ್ಬಳು, ತಳ್ಳಿದ್ದು ಮಗ ಎಂದು ಬಾಯಿಬಿಡದೆ, "ಹೊಟ್ಟೆಗೆ ಹಾಕ್ಕೊಂಡೆ ಬಿಡಿ" ಅಂದಳಂತೆ. ಅದನ್ನೂ ಬರೆದುಕೊಂಡೆ. ನುಂಗಿಕೋ, ತಡೆದುಕೋ, ಅನುಸರಿಸಿಕೊಂಡು ಹೋಗು, ಇವು ಮೂರೂ ಹೀಗೇ ಬಂದವು.

ಆರನೆಯದು ಮಂಡಿನೋವಿನ ಅಜ್ಜಿಯದು. ಎಷ್ಟು ವರ್ಷದ ನೋವು ಅಂತ ಇವಳು ಕೇಳಿದ್ದಕ್ಕೆ ಆಕೆ, "ಲೆಕ್ಕ ಯಾರಿಟ್ಟಿದಾರೆ ತಾಯಿ? ಅದರ ಜೊತೆ ನಾನು ಏಗ್ತಾ ಇದೀನಿ. ನನ್ನ ಜೊತೆ ಅದೂ ಏಗ್ತಾ ಇದೆ, ಪಾಪ" ಅಂದಳು.

ಏಗು. ಎರಡೇ ಅಕ್ಷರ. ಸಹಿಸುವವರು ಸುಮ್ಮನೆ ಕೂತೂ ಸಹಿಸಬಹುದು. ಏಗುವವರು ದಿನಾ ಬೆಳಗ್ಗೆ ಎದ್ದು ಮತ್ತೆ ಸೆರಗು ಸಿಕ್ಕಿಸಬೇಕು. ಇಂಥ ಪದದ ಮೇಲೆ ಸಮಿತಿಯವರು ಕೆಂಪು ಗೀಟು ಎಳೆದು, ಪಕ್ಕದಲ್ಲಿ 'ಆಡುಮಾತು' ಎಂದು ಬರೆದರು. ಆರೂ ಪದಗಳಿಗೆ ಅದೇ ಗತಿ. ಜನ ಆಡುವ ಮಾತು ನಿಘಂಟಿಗೆ ಬೇಡವಾದರೆ ಯಾವ ಮಾತು ಬೇಕು? ಯಾರೂ ಆಡದ್ದೇ? ಅಂಗಿ ಸರಿಹೋಗಲಿಲ್ಲವೆಂದು ದರ್ಜಿ ಗಿರಾಕಿಯ ತೋಳನ್ನೇ ಕತ್ತರಿಸಿದ ಹಾಗಾಯಿತು.

ಎರಡನೆಯ ಕುರ್ಚಿಯ ಪಂಡಿತರು ಏಕೆ ನಗುತ್ತಿದ್ದಾರೆ ಎಂದು ನನಗೆ ಗೊತ್ತು. ಆ ಕೆಂಪು ಗೀಟಿನ ಕೆಳಗೆ 'ಒಪ್ಪಿದ್ದೇನೆ' ಎಂದು ಒಂದು ಸಹಿ ಇದೆ. ಅದು ನನ್ನದು. ಒಪ್ಪದಿದ್ದರೆ ಮುದ್ರಣ ಮುಂದಿನ ವರ್ಷಕ್ಕೆ ಹೋಗುತ್ತದೆ ಅಂದಿದ್ದರು. ರಟ್ಟಿನ ಮೇಲೆ ನನ್ನ ಹೆಸರು ನೋಡುವ ಆತುರ ನನಗೆ. ಮುನ್ನುಡಿಯಲ್ಲಿ ಕಾಗದದ ವ್ಯಾಪಾರಿಯನ್ನು ನೆನೆದಿದ್ದೇನೆ, ಕನ್ನಡಕ ಮಾಡಿಕೊಟ್ಟವರನ್ನೂ ನೆನೆದಿದ್ದೇನೆ. ಹೆಂಡತಿಯ ಹೆಸರಿಲ್ಲ. ಅವಳು ಕೇಳಿಯೂ ಇರಲಿಲ್ಲ. "ನನ್ನ ಹೆಸರು ಬಿಟ್ಟರೂ ಬಿಡಿ. ಆ ಅಜ್ಜಿ ಮಾತು ಮಾತ್ರ ಬಿಡಬೇಡಿ" ಅಂದಿದ್ದಳು ಅಷ್ಟೆ.

ಕಳೆದ ವಾರ ಮೊದಲ ಪ್ರತಿ ಮನೆಗೆ ಬಂತು. ಅವಳು ಒದ್ದೆ ಕೈ ಒರೆಸಿಕೊಂಡು ನೇರವಾಗಿ ಇದೇ ಪುಟ ತೆಗೆದಳು. ಬೆರಳಿಟ್ಟು ಓದಿದಳು. ಜಗಳ ಆಡಲಿಲ್ಲ. "ಮೂವತ್ತೊಂದು ವರ್ಷ ನಿಮ್ಮ ಜೊತೆ ಏಗಿದೀನಿ. ಅಂಥ ಪದವೇ ಇಲ್ಲ ಅಂದಮೇಲೆ ಇಲ್ಲಿ ನಾನು ಮಾಡ್ತಿದ್ದುದಾದರೂ ಏನು?" ಅಂದಳು. ಚೀಲ ತೆಗೆದುಕೊಂಡು ತಂಗಿಯ ಮನೆಗೆ ಹೋದಳು. ಇವತ್ತಿಗೆ ಎಂಟು ದಿನ. ಮುಂದಿನ ಸಾಲಿನಲ್ಲಿ ಯಾರೋ ಕೊಡೆ ಇಟ್ಟಿದ್ದಾರಲ್ಲ, ಆ ಕುರ್ಚಿ ಅವಳಿಗೆಂದು ನಾನು ಹೇಳಿಟ್ಟದ್ದು.

ಸಮಿತಿಯ ಮೇಲೆ ಸಿಟ್ಟು ಮಾಡಲು ಎದ್ದು ನಿಂತವನು ನಾನು. ನೋಡಿ, ಎಲ್ಲಿಗೆ ಬಂದು ನಿಂತೆ.

ಎರಡನೆಯ ಮುದ್ರಣದಲ್ಲಿ ನೋಡೋಣ ಎಂದು ಅಧ್ಯಕ್ಷರು ಬೆಳಗ್ಗೆ ಹೇಳಿದರು. ನಾನು ಅಲ್ಲಿಯವರೆಗೆ ಕಾಯುವುದಿಲ್ಲ. ಬಾಗಿಲ ಬಳಿ ಸಾವಿರ ತಿದ್ದುಪಡಿ ಚೀಟಿಗಳಿವೆ, ಗೋಂದಿನ ಬಾಟಲಿಯೂ ಇದೆ. ಚೀಟಿಯಲ್ಲಿ ಆರು ಪದ, ಕೆಳಗೆ ತಂದವಳ ಹೆಸರು. ಅಂಟಿಸದೆ ಯಾರೂ ಪುಸ್ತಕ ಒಯ್ಯಬೇಡಿ. ಪಂಡಿತರೇ, ನೀವೂ. ನನಗೆಂದು ತಂದ ಸನ್ಮಾನದ ಫಲಕ ಸದ್ಯ ಮೇಜಿನ ಮೇಲೇ ಇರಲಿ.

ಮೊದಲ ಚೀಟಿ ಅಂಟಿಸಿದ ಪ್ರತಿ ಈ ಚೀಲದಲ್ಲಿದೆ. ಆರೂ ಹತ್ತರ ಬಸ್ಸಿಗೆ ನಾದಿನಿಯ ಮನೆಗೆ ಹೊರಟಿದ್ದೇನೆ. ನನ್ನವಳು ಬಾಗಿಲು ತೆರೆಯುತ್ತಾಳೋ ಇಲ್ಲವೋ ತಿಳಿಯದು. ತೆರೆದರೆ ಭಾಷಣ ಮಾಡುವುದಿಲ್ಲ, ಪುಟ ತೆಗೆದು ಕೈಗೆ ಕೊಡುತ್ತೇನೆ. ತೆರೆಯದಿದ್ದರೆ ಮೆಟ್ಟಿಲ ಮೇಲೆ ಕೂರುತ್ತೇನೆ. ಏಗುವ ಸರದಿ ಈಗ ನನ್ನದು.

ಇಷ್ಟು ಹೊತ್ತು ನನ್ನ ಜೊತೆ ಏಗಿದ್ದೀರಿ, ನಿಮ್ಮೆಲ್ಲರ ಉಪಕಾರ ದೊಡ್ಡದು. ನಮಸ್ಕಾರ.