ಕತ್ತಿನಲ್ಲಿ ನಿಲ್ಲದ ಗುಂಡು

ಆ ಶುಕ್ರವಾರ ಬೆಳಗಾಗುವಷ್ಟರಲ್ಲಿ ಮೊಂಟಾನಾದ ಆ ಕಣಿವೆಯಲ್ಲಿ ಮೊಣಕಾಲುದ್ದ ಹಿಮ ಬಿದ್ದು, ಗಾಳಿ ನಿಂತು, ಲೋಕವೆಲ್ಲ ಪ್ರಾರ್ಥನೆಗೆ ಕೂತಂತಿತ್ತು. ಸೋಲ್ವೆಗ್ ಅಡುಗೆಮನೆಯ ಫೋನೆತ್ತಿ, ಎರಡು ವರ್ಷದಿಂದ ಮುಟ್ಟದಿದ್ದ ನಂಬರೊಂದನ್ನು ಒತ್ತಿದಳು.

ಹಲೋ... ಯಾರು? ಐನಾರ್ ಏನೋ?... ನಾನು ಕಣೋ, ನಿನ್ನ ಅಕ್ಕ... ಹಾಂ, ಬದುಕಿದೀನಿ. ಚರ್ಚಲ್ಲಿ ಪ್ರತಿ ಭಾನುವಾರ ನನ್ನ ಬೆನ್ನು ನೋಡ್ತಾ ಕೂರ್ತೀಯಲ್ಲ, ಗೊತ್ತಾಗಲ್ವಾ?

...

ಜೋರಾಗಿ ಮಾತಾಡು. ಹಿಮದ ಭಾರಕ್ಕೆ ತಂತಿ ಜೋತುಬಿದ್ದಿದೆ, ಬರೀ ಗೊರಗೊರ.

...

ನಿನ್ನ ಭಾವನಿಗೆ ಏನೂ ಆಗಿಲ್ಲ. ಆಗ್ತಿರೋದು ನನಗೆ! ಬಂದೂಕಿನ ಹಳೇ ತೋಟಾ ಎಲ್ಲ ಮುಗೀತು ಅಂತ ಮೂರು ದಿನದಿಂದ ಶೆಡ್ಡಲ್ಲಿ ಕೂತು ಖಾಲಿ ಹಿತ್ತಾಳೆ ಕೊಳವೆಗಳಿಗೆ ಮದ್ದು, ಗುಂಡು ಹೊಸದಾಗಿ ತುಂಬ್ತಿದಾರೆ. ಗುಂಡು ಕೊಳವೆಯ ಕತ್ತಲ್ಲಿ ನಿಲ್ತಾನೇ ಇಲ್ಲ. ಹೆಬ್ಬೆರಳಲ್ಲಿ ಒತ್ತಿದ್ರೆ ಸೀದಾ ಮದ್ದಿನೊಳಕ್ಕೆ ಬೀಳುತ್ತೆ.

...

ಅಂಗಡೀದಾ? ಘಾಟಿ ದಾರಿ ಮುಚ್ಚಿದೆಯಲ್ಲೋ! ಒಂಬತ್ತು ವರ್ಷ ಅರ್ಜಿ ಹಾಕಿದ ಮೇಲೆ ಈ ಸಲ ಎಲ್ಕ್ ಕಡವೆ ಬೇಟೆಯ ಚೀಟೀಲಿ ಅವರ ಹೆಸರು ಬಂತು. ಭಾನುವಾರ ಸಂಜೆಗೆ ಗಡುವು ಮುಗಿಯುತ್ತೆ. ಹಿಂಡು ಹಳ್ಳದ ತನಕ ಇಳಿದು ನಿಂತಿದೆ, ಇವರ ಹತ್ರ ಒಂದೇ ಒಂದು ತೋಟಾ ಇಲ್ಲ. ಅರವತ್ತೆಂಟು ವಯಸ್ಸು. ಇನ್ನೊಂಬತ್ತು ವರ್ಷ ಕಾಯುತ್ತಾ ಆ ಮಂಡಿ, ನೀನೇ ಹೇಳು.

...

ಇಲ್ಲಪ್ಪ, ನಾನು ಫೋನ್ ಮಾಡಿದ್ದು ಅವರಿಗೆ ಗೊತ್ತಿಲ್ಲ. ಗೊತ್ತಾದ್ರೆ ಈ ಫೋನನ್ನೇ ಕಿತ್ತು ಹಾಕ್ತಾರೆ. ಏನು ನೋಡ್ಲಿ, ಬೇಗ ಹೇಳು.

...

ಹಳೇ ಹಿತ್ತಾಳೆನಾ? ಅಲ್ಲ, ಹೊಸದರಲ್ಲೂ ಅದೇ ಪಾಡು... ಹಾಂ? ಬಾಯಿ ಒತ್ತಿ ಬಿಗಿ ಮಾಡಿದ್ರು. ಮಾಡಿದ್ರು ಅಂದ್ನಲ್ಲ! ಆದ್ರೂ ಬೆರಳಲ್ಲಿ ತಿರುಗಿಸಿದ್ರೆ ಬುಗುರಿ ಥರ ತಿರುಗುತ್ತೆ. ಅಳತೆ ನೋಡ್ರೀ ಅಂದ್ರೆ, ಕತ್ತು ತಿದ್ದೋ ಅಚ್ಚು ಮೂವತ್ತು ವರ್ಷದ್ದು, ಅದನ್ನೇನು ನೋಡೋದು ಅಂತಾರೆ.

...

ಅಚ್ಚಿನೊಳಗಿನ ಕಡ್ಡಿನಾ? ಇಲ್ಲೇ ಮೇಜಿನ ಮೇಲಿದೆ, ಬಿಚ್ಕೊಂಡು ಬಂದಿದೀನಿ. ತುದೀಲಿ ಗೋಲಿ ಇದೆ. ಕತ್ತು ಅಗಲ ಮಾಡೋದು ಅದೇ ಅಲ್ವಾ?... ತಾಳು, ಅಳೀತೀನಿ. ಕನ್ನಡಕ ಎಲ್ಲಿ... ಇಂಚಿನ ಸಾವಿರದ ಲೆಕ್ಕದಲ್ಲಿ ಗುಂಡು ಇನ್ನೂರ ಎಪ್ಪತ್ತೇಳು. ಗೋಲಿ... ಇನ್ನೂರ ಎಂಬತ್ತಮೂರು.

...

ಅಲ್ವೋ, ಗುಂಡಿಗಿಂತ ಗೋಲಿನೇ ದಪ್ಪ ಇದ್ರೆ ಗುಂಡು ಹೇಗೋ ನಿಲ್ಲುತ್ತೆ?... ಏನು? ಇದು ನಿನ್ನ ಬಂದೂಕಿನ ಅಳತೆಯಾ?

...

ನಿನಗೆ ಎರಡು ವರ್ಷದಿಂದ ಗುಂಡು ತೂರೋದೇ ಇಲ್ವಾ? ಕತ್ತು ಮುದುಡಿಹೋಗುತ್ತಾ?... ಹಾಂ, ಜಗಳ ಆಗಿದ್ದೇ ಅದಕ್ಕಲ್ವಾ. ಭಾವ ನನ್ನ ಅಚ್ಚು ಕೆಡಿಸಿದ ಅಂತ ನೀನು, ಕೆಲಸ ಬಾರದವನು ಅಂತ ಅವರು.

...

ಐನಾರ್... ಆವತ್ತು ನೀವಿಬ್ರೂ ನನ್ನ ಅಡುಗೆಮನೇಲಿ ಕೂತು ತುಂಬ್ತಿದ್ರಲ್ಲ. ಊಟಕ್ಕೆ ಅಂತ ನಾನು ಮೇಜು ಖಾಲಿ ಮಾಡಿದೆ. ಜಿಡ್ಡಾಗಿವೆ ಅಂತ ಎರಡೂ ಕಡ್ಡೀನ ಒಂದೇ ಕಾಫಿ ಡಬ್ಬೀಲಿ ಸೀಮೆಎಣ್ಣೆ ಹಾಕಿ ತೊಳೆದು, ಯಾವುದು ಯಾರದು ಅಂತ ನೋಡದೆ ವಾಪಸ್ ತಿರುಪಿ ಇಟ್ಟವಳು... ನಾನು ಕಣೋ.

...

ನಗಬೇಡ! ಎರಡು ಕ್ರಿಸ್‌ಮಸ್ ನಿನ್ನ ತಟ್ಟೆ ಖಾಲಿ ಇಟ್ಕೊಂಡು ಉಂಡಿದೀನಿ ನಾನು.

...

ರೀ... ನೀವು ಯಾವಾಗ ಬಂದ್ರಿ?... ಏನಿಲ್ಲ, ನಮ್ಮ ಐನಾರ್... ರೀ, ಕಡ್ಡಿ ಯಾಕೆ ಎತ್ಕೊಂಡ್ರಿ? ಟೋಪಿನಾದ್ರೂ ಹಾಕ್ಕೊಳ್ಳಿ!

...

ಎಲ್ಲ ಕೇಳಿಸ್ಕೊಂಡುಬಿಟ್ರು ಕಣೋ. ಕಿಟಕೀಲಿ ಕಾಣ್ತಿದಾರೆ, ಕಾಲೆಳೀತಾ ಹಳ್ಳದ ಕಡೆ ಹೋಗ್ತಿದಾರೆ... ಸೇತುವೆ ದಾಟಿದ್ರು. ದೇವರೇ, ನಿನ್ನ ಮನೆಗೇ.

...

ಬೈಯೋಕೋ ಏನೋ, ನನಗೇನು ಗೊತ್ತು! ನೀನು ಮಾತ್ರ ಬಾಯಿ ಮುಚ್ಕೊಂಡಿರು. ನಿನ್ನ ಅಚ್ಚಲ್ಲಿರೋ ಅವರ ಕಡ್ಡೀನ ಬಿಚ್ಚಿ ಇಟ್ಕೋ.

...

ನಿನ್ನ ನಾಯಿ ಬೊಗಳೋದು ಇಲ್ಲಿಗೂ ಕೇಳ್ತಿದೆ. ಹೋಗು, ಬಾಗಿಲು ತೆಗಿ.

...

ಏನಂದ್ರು?... ಕಡ್ಡೀನ ಕರವಸ್ತ್ರದಲ್ಲಿ ಒರೆಸಿ... ನಿನ್ನ ಅಂಗೈಲಿ ಇಟ್ರಾ?

...

ನೀನು ಅವರದನ್ನ ಕೊಟ್ಟೆಯಾ?... ಹಾಂ... ಹಾಂ, ಸಾಕು, ಇನ್ನೇನೂ ಹೇಳಬೇಡ. ಒಲೆ ಹತ್ರ ಕುರ್ಚಿ ಎಳೆದು ಕೂರ್ಸು, ಆ ಮಂಡಿಗೆ ಸ್ವಲ್ಪ ಶಾಖ... ಹಲೋ? ಐನಾರ್?... ತಂತಿ ಕಡೀತೇನೋ... ಹಲೋ...