ಜೀಪಿನ ಮೂತಿಗೆ ಕಟ್ಟಿದ ಒದ್ದೆ ಗೋಣಿ

ನಗಬೇಡ್ರೋ, ನಿಮ್ ತಾತ ಅಲ್ಲೇ ಕೂತು ಕೇಳಿಸ್ಕೊತಾವ್ರೆ! ಆವಾಗ ನಮ್ಮನೇಲಿ ಇದ್ದಿದ್ದು ಒಂದು ಹಳೇ ಜೀಪು, ನಮ್ ಮಾವನೋರ ಕಾಲದ್ದು. ಎರಡು ಸಲ ರೇಷ್ಮೆ ಹುಳ ಕೈಕೊಟ್ಟು, ಆ ಸಲ ಹೆಂಗೋ ಚೆನ್ನಾಗಿ ಗೂಡು ಕಟ್ಟಿತ್ತು ಕಣ್ರಪ್ಪ. ಗೂಡು ತಡ ಮಾಡಂಗಿಲ್ಲ, ಗೊತ್ತಲ್ಲ, ಒಳಗಿಂದ ಚಿಟ್ಟೆ ತೂತು ಕೊರ್ಕೊಂಡು ಬಂತು ಅಂದ್ರೆ ನೂಲೂ ಇಲ್ಲ ಏನೂ ಇಲ್ಲ. ಅವತ್ತು ಹರಾಜು ಮುಗಿಯೋದ್ರೊಳಗೆ ಶಿಡ್ಲಘಟ್ಟದ ಮಾರ್ಕೆಟ್ಟು ಸೇರ್ಲೇಬೇಕು. ನಮ್ಮೂರು ಮಂಡಿಕಲ್ ಬಿಟ್ಟಾಗ್ಲೇ ಸುಡೋ ಬಿಸ್ಲು. ನಿಮ್ ತಾತ ಏನ್ ಮಾಡಿದ್ರು ಅಂತೀರಾ? ಹುಳದ ಮನೆ ಕಿಟಕಿಗೆ ತಂಪಿಗೆ ಅಂತ ಒದ್ದೆ ಗೋಣಿ ಇಳಿಬಿಡ್ತೀವಲ್ಲ, ಹಂಗೇ ಜೀಪಿನ ಮುಂದಿನ ಜಾಲರಿಗೂ ಬಿಗಿಯಾಗಿ ಕಟ್ಬಿಟ್ರು! "ಹುಳಾನೇ ತಣ್ಣಗಿರ್ತದೆ, ಎಂಜಿನ್ ಇರಲ್ವೇನೇ?" ಅಂತ ಜಂಬ ಬೇರೆ.

ಅರ್ಧ ದಾರೀಲಿ ಬುಸ್ ಅಂತ ಹಬೆ. ಇವರು ಗೋಣಿಗೆ ಇನ್ನಷ್ಟು ನೀರು ಹುಯ್ದ್ರು. ಹೊರಟ್ವಿ, ಮತ್ತೆ ಬುಸ್! ಮೆಕ್ಯಾನಿಕ್‌ನ ಕರೆಯಣ ಅಂದ್ರೆ, ಆವಾಗಿನ್ನೂ ಹೊಸ ಮೊಬೈಲು, ಸಿಗ್ನಲ್ಲೇ ಇಲ್ಲ. ಇವರು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಕ್ಕೋದ್ರು. "ರೀ, ಮುಟ್ಬೇಡಿ, ಮುಖ ಬೆಂದೋಗ್ತದೆ, ಆರ್ಲಿ!" ಅಂತ ಕೈ ಹಿಡ್ಕೊಂಡೆ. ಹೊಂಗೆ ಮರದ ಕೆಳಗೆ ಕಾದ್ವಿ, ಗೂಡಿನ ಮೂಟೆ ನೋಡ್ತಾ ನಂಗೆ ಅಳುನೇ ಬಂದ್ಬಿಡ್ತು. ಆರಿದ್ಮೇಲೆ ಮುಚ್ಚಳ ತಿರುಗಿಸಕ್ಕೆ ಬಟ್ಟೆ ಬೇಕಲ್ಲ, ಆ ಗೋಣೀನೇ ಬಿಚ್ಕೊಂಡೆ. ಆಗ ಹೊಳೀತು ನೋಡಿ. ಅಯ್ಯೋ ದೇವುಡಾ, ಹುಳದ ಮನೇಲೂ ಗಾಳಿಗೆ ಸಂದು ಬಿಟ್ಟು ಕಟ್ತೀವಿ, ಇಲ್ಲಿ ಪಾಪ ಎಂಜಿನ್‌ಗೆ ಉಸಿರೇ ಕಟ್ಟಿಸವ್ರೆ! ಹೇಳಿದ್ರೆ ಕೇಳೋ ಮನುಷ್ಯ ಅಲ್ಲ. ನೀರು ತುಂಬ್ಸಿದ್ಮೇಲೆ "ನೀವು ಹತ್ತಿ, ಗೋಣಿ ನಾನ್ ಕಟ್ತೀನಿ" ಅಂದೆ. ಅಂದು, ಇವರಿಗೆ ಕಾಣದಂಗೆ ಸೀಟ್ ಮೇಲೆ ಹಾಕ್ಕೊಂಡು ಅದರ ಮೇಲೇ ಕೂತ್ಬಿಟ್ಟೆ!

ಜೀಪು ತಣ್ಣಗೆ ಓಡ್ತು ಕಣೋ. "ನೋಡಿದ್ಯಾ ಗೋಣಿ ಮಹಿಮೆ!" ಅಂತ ದಾರಿಯುದ್ದಕ್ಕೂ ಇವರು. ನಾನು ಗೋಣಿ ಮೇಲೆ ಇನ್ನೊಂಚೂರು ಒತ್ತಿ ಕೂತೆ. ಹರಾಜಿನ್ನೂ ನಡೀತಿತ್ತು, ನಮ್ ಗೂಡಿಗೆ ಮುಗಿಬಿದ್ರು, ಒಳ್ಳೇ ರೇಟೇ ಬಂತು. ಇವರು ಸುಮ್ನಿರ್ತಾರಾ? ಅಲ್ಲಿದ್ದೋರ್ನೆಲ್ಲ ಕರ್ಕೊಂಡ್ ಬಂದ್ರು, "ಬನ್ರೀ, ಎಂಜಿನ್ ತಣ್ಣಗಿಡೋದು ಹೆಂಗೆ ಅಂತ ತೋರಿಸ್ತೀನಿ!" ನೋಡಿದ್ರೆ ಜಾಲರಿ ಬರೀ ಬೋಳು. ಅದೇ ಹೊತ್ಗೆ ನಾನು ಇಳಿದೆ, ಸೀರೆ ಹಿಂದೆಲ್ಲ ತೊಪ್ಪೆ, ಸೀಟ್ ಮೇಲೆ ಗೋಣಿ! ಎಲ್ಲರೂ ಬಿದ್ದು ಬಿದ್ದು ನಕ್ರು, ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು ನಿಮ್ ತಾತನೇ. ಅದಕ್ಕೇ ಕಣ್ರಪ್ಪ, ಕಾವು ಏರಿದೋರಿಗೆ ಮೊದ್ಲು ಒಸಿ ಗಾಳಿ ಬಿಡಿ, ಎಂಜಿನ್‌ಗೂ ಅಷ್ಟೆ, ಗಂಡಂಗೂ ಅಷ್ಟೆ. ಏಳಿ, ಮುದ್ದೆ ಆರೋಗ್ತದೆ.