ಬಾವಿಗೆ ಎಸೆದ ಪಿನ್ನು

ಇದು ನನ್ನ ದೊಡ್ಡಮ್ಮನ ಮಗ ಜಗದೀಶನಿಗೆ ಆದದ್ದು. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

೨೦೦೩, ದೀಪಾವಳಿ ಕಳೆದ ಮೇಲೆ. ಭಟ್ಕಳದಿಂದ ಕೊನೇ ಬಸ್ಸಿಗೆ ಬಂದು ನಾನೂ ಅವನೂ ಹೆಬಳೆಯ ಮನೆಗೆ ನಡೆಯುತ್ತಿದ್ದೆವು. ಕಲ್ಲಿನ ಕ್ವಾರಿ ಪಕ್ಕದ ಹಾಳುಬಾವಿ ಹತ್ತಿರ ಬಂತು. ಜಗ್ಗಣ್ಣ ಟಾರ್ಚ್ ಆರಿಸಿದ. ನನ್ನ ಮೊಣಕೈ ಹಿಡಿದು ರಸ್ತೆಯ ಆಚೆ ಬದಿಗೆ ಎಳೆದ.

"ಎಂತಾತು?"

"ಶ್... ನಡಿ."

ಅವನ ಬಲ ಮಣಿಕಟ್ಟಿನ ಸುತ್ತ ಹಲ್ಲು ಊರಿದಂಥ ಗಾಯವಿತ್ತು. ಬೆಳಿಗ್ಗೆಯೇ ನೋಡಿದ್ದೆ. ಮನೆಯ ದೀಪ ಕಂಡ ಮೇಲೆ ಅವನೇ ಹೇಳಿದ.

ಕ್ವಾರಿಯ ಮಹಾಬಲ ಹರಾಜಿನಲ್ಲಿ ಒಂದು ಹಳೇ ಮಿಲಿಟರಿ ಗಾಡಿ ತಂದಿದ್ದ. ಯಾವ ಯುದ್ಧ ಕಂಡದ್ದೋ. ಅದಕ್ಕೆ ಟೈರಿಲ್ಲ, ಟ್ಯಾಂಕಿನ ಹಾಗೆ ಕಬ್ಬಿಣದ ತುಂಡುಗಳನ್ನು ಪಿನ್ನು ಹಾಕಿ ಪೋಣಿಸಿದ ಪಟ್ಟಿ. ಪಿನ್ನುಗಳೆಲ್ಲ ನಡುವೆ ಸವೆದು ಸಣ್ಣಗಾಗಿದ್ದವು. ಕುಮಟಾದ ಲೇಥಿನಲ್ಲಿ ಹೊಸವನ್ನು ಕಡೆಸಿ ತಂದು ಹಾಕುವ ಕೆಲಸ ಜಗ್ಗಣ್ಣ ಮತ್ತು ಬೀರಪ್ಪನದು. ತೆಗೆದ ಹಳೇ ಪಿನ್ನನ್ನು ಬೀರಪ್ಪ ಆ ಬಾವಿಗೆ ಎಸೆಯುತ್ತಿದ್ದ, ಯಾರಾದರೂ ಮರೆತು ಮತ್ತೆ ಅದನ್ನೇ ಹಾಕಿಯಾರು ಅಂತ. ಗುಳುಂ...

ಬೀರಪ್ಪನಿಗೆ ಕಿವಿ ಮಂದ. ಅದಕ್ಕೇ ಒಂದು ಕ್ರಮ ಮಾಡಿಕೊಂಡಿದ್ದರು. ಹೊರಗಿನವ ಎರಡು ಸಲ ಬಡಿದು, ಹೊಡೆಯಲಾ ಅಂತ ಕೇಳಬೇಕು. ಪಟ್ಟಿಯ ಒಳಗೆ ಮಲಗಿದವ ಎರಡು ಸಲ ಬಡಿದು ಒಪ್ಪಬೇಕು. ಆಮೇಲೆಯೇ ಸುತ್ತಿಗೆ.

ಗಾಡಿ ಜಾರದಂತೆ ಅಡ್ಡ ಇಟ್ಟದ್ದು ಕೆಂಪು ಚಿರೇಕಲ್ಲು. ಕ್ವಾರಿಯಲ್ಲಿ ಬೇರೆ ಎಂತ ಸಿಗುತ್ತದೆ? ಗೋಡೆಗೆ ಗಟ್ಟಿ... ಕಬ್ಬಿಣದ ಕೆಳಗೆ ಬಿಸ್ಕೀಟಿನ ಹಾಗೆ ಪುಡಿ.

ಹಿಂದಿನ ದಿನ ಸಂಜೆ, ಕೊನೇ ಹಳೇ ಪಿನ್ನೂ ಹೊರಬಂತು. ಗುಳುಂ. ಹಿಂದೆಯೇ ಕರ್ರ್... ಅಂತ ಕಲ್ಲು ಒಡೆಯಿತು. ಗಾಡಿ ಜಾರಿತು. ಬಿಚ್ಚಿದ ಪಟ್ಟಿ ಸರಿದು, ಜಗ್ಗಣ್ಣನ ಮಣಿಕಟ್ಟು ಪಟ್ಟಿಗೂ ಹಲ್ಲುಚಕ್ರಕ್ಕೂ ನಡುವೆ ಸಿಕ್ಕಿತು.

ಬೀರಪ್ಪ ಇನ್ನೊಂದು ಕಲ್ಲು ಒತ್ತಿಟ್ಟು ಬಗ್ಗಿ ನೋಡಿದ. "ಅಲ್ಲಾಡಬೇಡ ಮಾರಾಯ. ಮುಟ್ಟಳ್ಳಿಯಿಂದ ಜಾಕ್ ತಕಂಡು ಬತ್ತೆ. ಎಲ್ಲೂ ಹೋಗಬೇಡ ಹಾಂ!"

"ನಾ ಎಲ್ಲಿ ಹೋಗ್ತೆ, ಬೇಗ ಬಾರೋ..."

ಅವನ ಲೂನಾ ಮೊಪೆಡ್ಡಿನ ಪಟಪಟ ಇಳಿಜಾರಿನಲ್ಲಿ ಕರಗಿತು.

ಮೂಗಿನ ಮೇಲೆಯೇ ಗಾಡಿಯ ಹೊಟ್ಟೆ. ತಲೆ ಎತ್ತಲು ಜಾಗವಿಲ್ಲ. ಆ ಎರಡನೇ ಕಲ್ಲೂ ಉದುರುತ್ತಿತ್ತು... ಸರ್... ಸರ್... ಉದುರಿದಾಗೆಲ್ಲ ಹಲ್ಲು ಇನ್ನಷ್ಟು ಒಳಗೆ. ಬೆರಳು ಮರಗಟ್ಟಿದವು. ಫಿಟ್ಟರನಿಗೆ ಬಲಗೈ ಹೋದರೆ ಉಳಿಯುವುದೆಂತ? ಕತ್ತಲಾಯಿತು.

ಆಗ ಹೊರಗೆ...

ಟಣ್. ಟಣ್.

"ಬೀರಣ್ಣಾ... ಬಂದ್ಯಾ?"

ಪಾಚಿಯ ವಾಸನೆ. ಮತ್ತೆ ಟಣ್. ಟಣ್.

ಕಲ್ಲು ಸರ್ರನೆ ಕುಸಿಯಿತು. ಮೂಳೆ ಕಟ್ ಎಂದಂತಾಯಿತು. ಇನ್ನು ಯೋಚಿಸಲು ಹೊತ್ತಿರಲಿಲ್ಲ. ಎಡಗೈಯಲ್ಲಿ ಸ್ಪ್ಯಾನರ್ ಹುಡುಕಿ, ಎರಡು ಸಲ ಬಡಿದ.

ಕಟಕ್... ಕಟಕ್... ಪಟ್ಟಿ ಹಿಂದಕ್ಕೆ ಸರಿಯತೊಡಗಿತು. ಯಾರೋ ತುದಿ ಹಿಡಿದು ಎಳೆದ ಹಾಗೆ. ಹಲ್ಲು ಮೇಲೆದ್ದಿತು. ಕೈ ಎಳೆದುಕೊಂಡ. ಹೊರಗೆ ಸುತ್ತಿಗೆ ಬೀಳುತ್ತಲೇ ಇತ್ತು. ಠಣ್. ಠಣ್. ಠಣ್. ಪಿನ್ನು ಒಳಗೆ ಹೋಗುವ ಸದ್ದು.

ಅಷ್ಟರಲ್ಲಿ ಇಳಿಜಾರಿನ ಕೆಳಗೆ, ದೂರದಲ್ಲಿ... ಪಟಪಟ. ಲೂನಾ ಈಗ ಹತ್ತಿ ಬರುತ್ತಿತ್ತು.

ಸುತ್ತಿಗೆ ನಿಂತಿತು.

ಬೀರಪ್ಪ ಬಂದು ಟಾರ್ಚ್ ಬೆಳಕು ಬಿಟ್ಟ. "ಹೆಂಗೆ ತೆಗೆದ್ಯೋ ಕೈ? ಪಿನ್ನು ಯಾರು ಹಾಕಿದ್ದು?"

"ನೀನೇ ಅಲ್ಲಾ?"

"ತಲೆಗೂ ಪೆಟ್ಟು ಬಿತ್ತಾ ನಿಂಗೆ?" ಎಂದು ಬೀರಪ್ಪ ನಕ್ಕ. ಆಮೇಲೆ ಗೋಣಿಚೀಲದ ಕಡೆ ನೋಡಿದ. ಹಾಕಲು ಉಳಿದಿದ್ದ ಒಂದೇ ಹೊಸ ಪಿನ್ನು ಅಲ್ಲೇ ಇತ್ತು. ನಗು ನಿಂತಿತು. ಇಬ್ಬರೂ ಜಾಕ್ ಅಲ್ಲೇ ಬಿಟ್ಟು ಬಂದರು.

ನಾನು ಮರುದಿನ ಹಗಲಲ್ಲಿ ಒಬ್ಬಳೇ ಹೋಗಿ ನೋಡಿದೆ. ಪಟ್ಟಿಯುದ್ದಕ್ಕೂ ಕುಮಟಾದ ಪಿನ್ನುಗಳ ತಲೆ ಹೊಳೆಯುತ್ತಿತ್ತು. ಒಂದು ಮಾತ್ರ ಹಳೆಯದು, ತಲೆ ಬಡಿದು ಚಪ್ಪಟೆಯಾದದ್ದು. ಅದರ ಸುತ್ತ ಹಸಿರು ಪಾಚಿ. ಮಳೆ ನಿಂತು ಎಷ್ಟೋ ದಿನವಾಗಿತ್ತು, ನೆಲವೆಲ್ಲ ಕೆಂಪು ಧೂಳು. ಆ ಪಿನ್ನಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಬೆರಳು ಒಡ್ಡಿ ನೋಡಿದೆ. ನಿಜವಾಗಿಯೂ... ತಣ್ಣಗಿತ್ತು.